ಕ್ಲಚ್ ಬಿಟ್ಟ ಕೂಡಲೇ ಕಾರು ಆಫ್!

ಪ್ರಶ್ನೆ: ನನಗೀಗ 44 ವರ್ಷ. ಗೇರ್ ಇರುವ ಕಾರು ಕಲಿಯುತ್ತಿದ್ದೇನೆ. ಓಡುತ್ತಿರುವಾಗ ಏನೂ ತೊಂದರೆ ಇಲ್ಲ. ನಿಂತ ಕಾರನ್ನು ಹೊರಡಿಸುವಾಗ ಮಾತ್ರ ಎಗರಿ ಆಫ್ ಆಗುತ್ತದೆ. ಹಿಂದಿನವರು ಹಾರ್ನ್ ಹೊಡೆದರೆ ಕೈಕಾಲೇ ಆಡುವುದಿಲ್ಲ. ಏರಿನಲ್ಲಂತೂ ಕಾರು ಹಿಂದಕ್ಕೆ ಜಾರುತ್ತದೆ. ‘ಸುಮ್ನೆ ಆಟೊಮ್ಯಾಟಿಕ್ ತಗೋ’ ಅಂತಾರೆ ಮನೆಯವರು. ನನಗೆ ಈ ಕಾರೇ ಬರಬೇಕು.

ಉತ್ತರ: ಬರುತ್ತೆ ಮೇಡಂ. ವಯಸ್ಸಿಗೂ ಕ್ಲಚ್ಚಿಗೂ ಸಂಬಂಧವಿಲ್ಲ. ನಾನು ಕಲಿಸಿದವರಲ್ಲಿ ಕ್ಲಚ್ ಬೇಗ ಹಿಡಿತಕ್ಕೆ ಬಂದಿದ್ದು ಅವಸರವಿಲ್ಲದವರಿಗೆ.

ಆಫ್ ಯಾಕಾಗುತ್ತದೆ ಅಂತ ಮೊದಲು ತಿಳಿಯಿರಿ. ಕಾರು ನಿಂತಿದ್ದರೂ ಇಂಜಿನ್ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತಿರುತ್ತದೆ. ಚಕ್ರಗಳು ನಿಂತಿರುತ್ತವೆ. ಇವೆರಡನ್ನೂ ಸೇರಿಸುವುದು ಕ್ಲಚ್ ಪ್ಲೇಟ್. ಪೆಡಲ್ ಒತ್ತಿದರೆ ಬಿಡುತ್ತದೆ, ಕಾಲೆತ್ತಿದರೆ ಹಿಡಿಯುತ್ತದೆ. ತಟ್ಟನೆ ಕಾಲೆತ್ತಿದರೆ ಕಾರಿನ ಭಾರವೆಲ್ಲ ಒಮ್ಮೆಲೇ ಇಂಜಿನ್ ಮೇಲೆ ಬಿದ್ದು ಅದು ನಿಂತುಬಿಡುತ್ತದೆ. ನಿಧಾನವಾಗಿ ಎತ್ತಿದರೆ ಪ್ಲೇಟ್ ಸ್ವಲ್ಪ ಜಾರುತ್ತಾ ಹಿಡಿಯುತ್ತದೆ. ಅಷ್ಟರಲ್ಲಿ ಚಕ್ರ ಉರುಳಲು ಶುರು ಮಾಡಿರುತ್ತದೆ. ಹಾಫ್ ಕ್ಲಚ್ ಅನ್ನೋದು ಇದನ್ನೇ.

ಸಮತಟ್ಟಾದ ಖಾಲಿ ಜಾಗಕ್ಕೆ ಹೋಗಿ. ಪಕ್ಕದಲ್ಲಿ ಓಡಿಸಲು ಬರುವವರು ಇರಲಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರುವಂತೆ ಸೀಟು ಸರಿಸಿಕೊಳ್ಳಿ. ಫಸ್ಟ್ ಗೇರ್ ಹಾಕಿ, ಬ್ರೇಕ್ ಬಿಡಿ. ಆಕ್ಸಿಲರೇಟರ್ ಮುಟ್ಟಲೇಬೇಡಿ! ಬರೀ ಕ್ಲಚ್ ಮೆಲ್ಲಗೆ ಎತ್ತುತ್ತಾ ಬನ್ನಿ. ಒಂದು ಕಡೆ ಇಂಜಿನ್ ಸದ್ದು ಇಳಿಯುತ್ತದೆ, ಕಾರು ಸಣ್ಣಗೆ ನಡುಗುತ್ತದೆ. ಅಲ್ಲೇ ಕಾಲು ನಿಲ್ಲಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಕಾರು ಅಲುಗಾಡಿತು ಅಂತ ಖುಷಿಯಾಗಿ ಪೂರ್ತಿ ಬಿಟ್ಟುಬಿಡುತ್ತಾರೆ. ನಡೆದು ಹೋಗುವಷ್ಟು ವೇಗ ಬರುವ ತನಕ ಹಾಗೇ ಹಿಡಿದು, ಆಮೇಲೆ ಉಳಿದದ್ದು ಬಿಡಿ. ಮತ್ತೆ ಕ್ಲಚ್, ಬ್ರೇಕ್ ಒತ್ತಿ ನಿಲ್ಲಿಸಿ. ಮತ್ತೆ ಅದೇ. ಪೆಡಲ್ ನೋಡಬೇಡಿ, ಸದ್ದು ಕೇಳಿ. ಡೀಸೆಲ್ ಕಾರಾದರೆ ಇದು ಸುಲಭ, ಸಣ್ಣ ಪೆಟ್ರೋಲ್ ಇಂಜಿನ್‌ಗೆ ತಾಳ್ಮೆ ಜಾಸ್ತಿ ಬೇಕು. ಇದು ಕಾಲಿಗೆ ಕೂತ ಮೇಲೆ ಆಕ್ಸಿಲರೇಟರ್ ಸೇರಿಸಿಕೊಳ್ಳಿ.

ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದುಕೊಳ್ಳಿ. ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಕ್ಲಚ್ಚನ್ನು ಅದೇ ಜಾಗಕ್ಕೆ ತನ್ನಿ. ಕಾರು ಮುಂದಕ್ಕೆ ಎಳೆಯುತ್ತಿದೆ ಅನ್ನಿಸಿದಾಗ ಮಾತ್ರ ಹ್ಯಾಂಡ್ ಬ್ರೇಕ್ ಇಳಿಸಿ. ಆಗ ಹಿಂದೆ ಜಾರುವುದಿಲ್ಲ. ಏರಿನಲ್ಲಿ ಕಾಯುವಾಗ ಹಾಫ್ ಕ್ಲಚ್ಚಲ್ಲೇ ಕಾರು ನಿಲ್ಲಿಸಿಕೊಂಡಿರಬೇಡಿ. ಪ್ಲೇಟ್ ಕಾದು ಸುಟ್ಟ ವಾಸನೆ ಬರುತ್ತೆ.

ಹಾರ್ನ್ ಹೊಡೆಯುವವರಿಗೆ ಕಾಯುವುದೊಂದೇ ಕೆಲಸ, ನಿಮಗೆ ಮೂರು ಪೆಡಲ್ ಇವೆ. ಹೊಡೆಯಲಿ ಬಿಡಿ. ಆಫ್ ಆಯ್ತಾ? ಬ್ರೇಕ್, ಕ್ಲಚ್, ಸ್ಟಾರ್ಟ್. ಆಟೊಮ್ಯಾಟಿಕ್ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹೆದರಿ ಅದಕ್ಕೆ ಹೋಗಬೇಡಿ.

ಪ್ರಶ್ನೆ: ರಿವರ್ಸ್ ಹಾಕುವಾಗ ಮಾತ್ರ ಕರಕರ ಅನ್ನುತ್ತೆ. ಗೇರ್‌ಬಾಕ್ಸ್ ಹೋಯ್ತಾ?

ಉತ್ತರ: ಇಷ್ಟಕ್ಕೇ ಹಾಗೆ ಹೇಳಲಾಗದು. ಮುಂದಿನ ಗೇರುಗಳಲ್ಲಿ ತಿರುಗುವ ಭಾಗಗಳ ವೇಗ ಸರಿಹೊಂದಿಸುವ ಸಿಂಕ್ರೊಮೆಶ್ ಇರುತ್ತದೆ. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಅದಿಲ್ಲದ ಕಾಲದಲ್ಲಿ ಗೇರ್ ಬದಲಿಸಲು ಕ್ಲಚ್ ಎರಡೆರಡು ಸಲ ಒತ್ತುತ್ತಿದ್ದರು. ಪಾಪ! ಎಷ್ಟೋ ಕಾರುಗಳಲ್ಲಿ ರಿವರ್ಸ್‌ಗೆ ಈಗಲೂ ಅದಿಲ್ಲ. ಕಾರು ಪೂರ್ತಿ ನಿಲ್ಲಲಿ. ಕ್ಲಚ್ ಕೊನೆತನಕ ಒತ್ತಿ, ಎರಡು ಸೆಕೆಂಡ್ ತಾಳಿ. ಆಗಲೂ ಕರಕರ ಅಂದರೆ ಕ್ಲಚ್ ಬಿಡದೆ ಒಮ್ಮೆ ಫಸ್ಟ್‌ಗೆ ಹಾಕಿ, ಅಲ್ಲಿಂದ ರಿವರ್ಸ್‌ಗೆ ತನ್ನಿ. ಉಳಿದ ಗೇರುಗಳಿಗೂ ಆ ಸದ್ದು ಬಂದರೆ ಮೆಕ್ಯಾನಿಕ್‌ಗೆ ತೋರಿಸಿ.