ಗೇರ್‌ಬಾಕ್ಸ್ ಮೌಂಟ್ ಮನೆಯಲ್ಲೇ ಬದಲಿಸುವ ಬಗ್ಗೆ

ರಿವರ್ಸ್‌ಗೆ ಹಾಕಿದ ಕೂಡಲೇ ಕೆಳಗಿಂದ ಧಡ್ ಅನ್ನುತ್ತೆ, ಗೇರ್‌ಬಾಕ್ಸ್ ಮೌಂಟ್ (ಗೇರ್‌ಬಾಕ್ಸನ್ನು ಗಾಡಿಗೆ ಹಿಡಿದಿಡುವ ರಬ್ಬರ್-ಲೋಹದ ಆಸರೆ) ಹೋಗಿದೆ ಅಂತಾರೆ, ಮನೆಯಲ್ಲೇ ಬದಲಿಸಬಹುದಾ ಅಂತ ಕೇಳಿದ್ದೀರಿ. ಬದಲಿಸಬಹುದು. ಆದರೆ ಬರೀ ಜಾಕ್ ನಂಬಿಕೊಂಡು ದಯವಿಟ್ಟು ಗಾಡಿ ಕೆಳಗೆ ಹೋಗಬೇಡಿ. ಸಮತಟ್ಟಾದ ಗಟ್ಟಿ ನೆಲ, ಎತ್ತಿದ ಗಾಡಿಯ ಭಾರ ಹೊರುವ ಜಾಕ್ ಸ್ಟ್ಯಾಂಡ್, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಇಲ್ಲದೆ ಕೆಲಸ ಶುರು ಮಾಡಲೇಬಾರದು.

ಮೊದಲು ಮೌಂಟಿನ ರಬ್ಬರ್ ನೋಡಿ. ಸೀಳಿದ್ದರೆ, ಲೋಹದಿಂದ ಬಿಟ್ಟುಕೊಂಡಿದ್ದರೆ ಅನುಮಾನವೇ ಬೇಡ. ಆಯಿಲ್‌ನಲ್ಲಿ ನೆನೆದು ಮೆತ್ತಗಾಗಿದ್ದರೆ ಸೋರಿಕೆಯನ್ನು ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿ.

ತುಕ್ಕು ಬಿಡಿಸುವ ಸ್ಪ್ರೇಯನ್ನು ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ಹೊಡೆದಿಡಿ. ಇನ್ನೊಂದು ಜಾಕ್ ಮೇಲೆ ಅಗಲವಾದ ಮರದ ಹಲಗೆ ಇಟ್ಟು ಗೇರ್‌ಬಾಕ್ಸ್‌ಗೆ ಆಸರೆ ಕೊಡಿ. ಆಟೋಮ್ಯಾಟಿಕ್ ಆದರೆ ಕೆಳಗಿನ ತಗಡಿನ ಪ್ಯಾನ್ ಸುಲಭವಾಗಿ ನೆಗ್ಗುತ್ತೆ, ಹುಷಾರು. ಮೌಂಟ್ ಮೇಲಿನ ಭಾರ ಇಳಿಯುವಷ್ಟು ಮಾತ್ರ ಎತ್ತಿ. ಹೆಚ್ಚಾದರೆ ಹೋಸ್‌ಗಳು, ವೈರುಗಳು ಎಳೆದುಕೊಳ್ಳುತ್ತವೆ.

ಹಳೆಯ ಮೌಂಟ್ ಬಿಚ್ಚಿ ತೆಗೆದು ಹೊಸ ಮೌಂಟ್ ಕೂರಿಸುವಾಗ ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲೇ ತಿರುಗಿಸಿ ಹಿಡಿಸಿ. ಸ್ಪ್ಯಾನರ್‌ನಿಂದ ಬಲವಂತ ಮಾಡಿದರೆ ಥ್ರೆಡ್ ಹಾಳಾಗುತ್ತೆ. ಜಾಕ್ ನಿಧಾನವಾಗಿ ಇಳಿಸಿ, ಭಾರ ಮೌಂಟ್ ಮೇಲೆ ಕೂತ ನಂತರ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಹೇಳುವ ಟಾರ್ಕ್‌ಗೆ (ಬೋಲ್ಟ್ ಎಷ್ಟು ಬಲವಾಗಿ ತಿರುಗಿಸಬೇಕು ಅನ್ನುವ ಅಳತೆ) ಬಿಗಿ ಮಾಡಿ. ಆಮೇಲೂ ಸದ್ದು ಬಂದರೆ ಎಂಜಿನ್ ಮೌಂಟ್‌ಗಳನ್ನು ನೋಡಿ.