ಪಿಎಚ್‌ಪಿಯಲ್ಲಿ ಕೊನೆಯ ಎರರ್ ಮೆಸೇಜ್ ತೆಗೆಯುವುದು ಹೇಗೆ?

ಪಿಎಚ್‌ಪಿ ಎಂಬ ವೆಬ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಫೈಲ್ ನಕಲಿಸುವ ಕಾಪಿ() ಫಂಕ್ಷನ್ ಮುಂದೆ ಎರರ್ ಅಡಗಿಸುವ @ ಚಿಹ್ನೆ ಹಾಕಿದ್ದೀರಿ. ಫೈಲ್ ಕಾಪಿ ಆಗದಿದ್ದಾಗ ಬರೀ ಫಾಲ್ಸ್ (ಆಗಲಿಲ್ಲ ಎಂಬ ಉತ್ತರ) ಸಿಗುತ್ತದೆ, ಕಾರಣ ಗೊತ್ತಾಗುವುದಿಲ್ಲ. ಇದೇ ನಿಮ್ಮ ತೊಂದರೆ ಅಲ್ವಾ?

ನಿಮಗೆ ಬೇಕಾದದ್ದು ಎರರ್_ಗೆಟ್_ಲಾಸ್ಟ್(). @ ಹಾಕಿದರೆ ವಾರ್ನಿಂಗ್ ಪರದೆಗೂ ಲಾಗ್‌ಗೂ ಬರುವುದಿಲ್ಲ, ಆದರೆ ಪಿಎಚ್‌ಪಿ ಅದನ್ನು ಒಳಗೆ ನೆನಪಿಟ್ಟುಕೊಂಡಿರುತ್ತದೆ. ಈ ಫಂಕ್ಷನ್ ಒಂದು ಅರೇ (ಹೆಸರಿಟ್ಟ ಮೌಲ್ಯಗಳ ಪಟ್ಟಿ) ಕೊಡುತ್ತದೆ. ಅದರಲ್ಲಿ ಟೈಪ್, ಮೆಸೇಜ್, ಫೈಲ್, ಲೈನ್ ಎಂಬ ನಾಲ್ಕು ಕೀ ಇರುತ್ತವೆ. 'ಪರ್ಮಿಷನ್ ಡಿನೈಡ್' ಎಂಬಂಥ ಮಾತು ಮೆಸೇಜ್‌ನಲ್ಲಿ ಸಿಗುತ್ತದೆ. ಎರರ್ ಏನೂ ಆಗಿರದಿದ್ದರೆ ನಲ್ (ಏನೂ ಇಲ್ಲ ಎಂಬ ಮೌಲ್ಯ) ಬರುತ್ತದೆ. ಇದು ಪಿಎಚ್‌ಪಿ 5.2ರಿಂದಲೂ ಇದೆ. ಹಳೆಯ ಪಾಠಗಳಲ್ಲಿ ಇದೇ ಕೆಲಸಕ್ಕೆ ಬಳಸುತ್ತಿದ್ದ $ಪಿಎಚ್‌ಪಿ_ಎರರ್‌ಎಂಎಸ್‌ಜಿ ಎಂಬ ವೇರಿಯಬಲ್ ಕಂಡರೆ ಬಿಟ್ಟುಬಿಡಿ, 8.0ರಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ.

ಜಾಸ್ತಿ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಎರರ್_ಗೆಟ್_ಲಾಸ್ಟ್() ಕೊಡುವುದು ಆ ರಿಕ್ವೆಸ್ಟ್‌ನಲ್ಲಿ ಕೊನೆಗೆ ಆದ ಎರರ್. ಅದು ನಿಮ್ಮ ಕಾಪಿಯದ್ದೇ ಆಗಬೇಕೆಂದಿಲ್ಲ. ಕಾಪಿ ಸರಿಯಾಗಿ ಆದರೂ ಹಿಂದಿನ ಮೆಸೇಜ್ ಅಳಿಯುವುದಿಲ್ಲ. ಐವತ್ತು ಸಾಲು ಮೇಲೆ ಎಲ್ಲೋ ಬಂದ ನೋಟಿಸ್ (ಸಣ್ಣ ಎಚ್ಚರಿಕೆ) ಇಲ್ಲಿ ಕಾಣಿಸಿ ದಾರಿ ತಪ್ಪಿಸಬಹುದು. ಅದಕ್ಕೇ ಮೊದಲು ಎರರ್_ಕ್ಲಿಯರ್_ಲಾಸ್ಟ್() ಕರೆಯಿರಿ, ಇದು 7.0ರಿಂದ ಇದೆ. ಆಮೇಲೆ ಕಾಪಿ ಮಾಡಿ. ಫಾಲ್ಸ್ ಬಂದರೆ ಮಾತ್ರ, ನಡುವೆ ಬೇರೇನೂ ಮಾಡದೆ, ಮೆಸೇಜ್ ಓದಿ. ಕೆಲಸ ಕೆಟ್ಟಿದೆಯೇ ಎಂದು ತೀರ್ಮಾನಿಸಬೇಕಾದದ್ದು ಆ ಫಾಲ್ಸ್ ನೋಡಿ. ಮೆಸೇಜ್ ಇದೆ ಎಂದಮಾತ್ರಕ್ಕೆ ಹಾಗೆ ಅಂದುಕೊಳ್ಳಬೇಡಿ.

ಇಷ್ಟು ಮಾಡಿಯೂ ನಲ್ ಬಂದರೆ, ಎರರ್ ಬಂದಾಗ ಕರೆಯಬೇಕಾದ ಫಂಕ್ಷನ್ (ಹ್ಯಾಂಡ್ಲರ್) ಗೊತ್ತುಮಾಡುವ ಸೆಟ್_ಎರರ್_ಹ್ಯಾಂಡ್ಲರ್() ಎಲ್ಲಾದರೂ ಇದೆಯೇ ನೋಡಿ. ಫ್ರೇಮ್‌ವರ್ಕ್ ಬಳಸುತ್ತಿದ್ದರೆ ಇರುವುದೇ ಹೆಚ್ಚು. @ ಇದ್ದರೂ ಆ ಹ್ಯಾಂಡ್ಲರ್‌ಗೆ ಕರೆ ಹೋಗುತ್ತದೆ. ಅದು ಫಾಲ್ಸ್ ಹಿಂದಿರುಗಿಸಿದರೆ ಮಾತ್ರ ಎರರ್_ಗೆಟ್_ಲಾಸ್ಟ್()ಗೆ ಏನಾದರೂ ಸಿಗುತ್ತದೆ.

ಫೇಟಲ್ ಎರರ್ ಬಂದು ಸ್ಕ್ರಿಪ್ಟ್ ನಿಂತೇ ಹೋದರೆ? ಶುರುವಿನಲ್ಲೇ ರಿಜಿಸ್ಟರ್_ಶಟ್‌ಡೌನ್_ಫಂಕ್ಷನ್()ಗೆ ಒಂದು ಫಂಕ್ಷನ್ ಕೊಟ್ಟಿರಿ, ಸ್ಕ್ರಿಪ್ಟ್ ಮುಗಿಯುವಾಗ ಪಿಎಚ್‌ಪಿ ಅದನ್ನು ಕರೆಯುತ್ತದೆ. ಅದರೊಳಗೆ ಎರರ್_ಗೆಟ್_ಲಾಸ್ಟ್() ಕರೆಯಿರಿ. ಟೈಪ್ ಕೂಡ ನೋಡಿ, ಇಲ್ಲದಿದ್ದರೆ ಸಣ್ಣ ನೋಟಿಸ್ ಕೂಡ ಫೇಟಲ್ ಎಂದು ದಾಖಲಾಗುತ್ತದೆ.

ಇನ್ನು ದಯವಿಟ್ಟು ಈ ಅರೇಯನ್ನು ಹಾಗೇ ಬಳಕೆದಾರರ ಪುಟಕ್ಕೆ ಸುರಿಯಬೇಡಿ. ನಿಮ್ಮ ಸರ್ವರ್‌ನ ಪೂರ್ತಿ ಪಾತ್ ಅದರಲ್ಲಿರುತ್ತದೆ. ಎರರ್_ಲಾಗ್() ಮೂಲಕ ಲಾಗ್‌ಗೆ ಬರೆದು, ಅವರಿಗೆ 'ಫೈಲ್ ಉಳಿಸಲು ಆಗಲಿಲ್ಲ' ಎಂದಷ್ಟೇ ತೋರಿಸಿ.