80 ದಾಟಿದರೆ ಪಿಕಪ್ ನಡುಗುತ್ತದೆಯೇ? ಶಾಫ್ಟ್ ನೋಡಿ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವಾಗ 80 ದಾಟಿದರೆ ನಿಮ್ಮ ಹಳೆ ಪಿಕಪ್ ನಡುಗುತ್ತದೆ, ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಿಲ್ಲ ಅಂದಿದ್ದೀರಿ. ಸುಮ್ನೆ ಹೊಸ ಟೈರ್‌ಗೆ ದುಡ್ಡು ಹಾಕಬೇಡಿ.

ನಡುಕ ಸ್ಟೇರಿಂಗ್‌ನಲ್ಲಿದ್ದರೆ ಸಾಮಾನ್ಯವಾಗಿ ಮುಂದಿನ ಚಕ್ರ. ರಿಮ್ಮಿನ ಒಳಬದಿ ನೋಡಿ. ಹೊಲಕ್ಕೆ ಹೋಗುವ ಗಾಡಿ ಅಲ್ವಾ, ಎರೆ ಮಣ್ಣು ಅಂಟಿ ಒಣಗಿದ್ದರೂ ಬ್ಯಾಲೆನ್ಸ್ ಕೆಡುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್.

ಸೀಟು, ನೆಲ ನಡುಗಿದರೆ ಹಿಂದಿನ ಚಕ್ರ ಅಥವಾ ಪ್ರೊಪೆಲ್ಲರ್ ಶಾಫ್ಟ್, ಅಂದ್ರೆ ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ, ಗಾಡಿಯ ಕೆಳಗಿನ ಉದ್ದ ಶಾಫ್ಟ್. ಹಿಂದಿನ ಚಕ್ರಗಳನ್ನು ಮುಂದೆ ಹಾಕಿ ಓಡಿಸಿ. ನಡುಕ ಸ್ಟೇರಿಂಗ್‌ಗೆ ಬಂದರೆ ಟೈರ್ ಇಲ್ಲವೇ ರಿಮ್ ಕೆಟ್ಟಿದೆ. ಏನೂ ಬದಲಾಗದಿದ್ದರೆ ನನ್ನ ಅನುಮಾನ ಶಾಫ್ಟ್ ಮೇಲೆಯೇ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಚಕ್ರಗಳಿಗೆ ಕಲ್ಲು ಕೊಟ್ಟು ಶಾಫ್ಟ್ ಹಿಡಿದು ಅಲ್ಲಾಡಿಸಿ. ಕ್ರಾಸ್‌ನಲ್ಲಿ (ಶಾಫ್ಟ್ ತುದಿಯ ಕೀಲು) ಸ್ವಲ್ಪ ಸಡಿಲ ಕಂಡರೂ ಬದಲಿಸಿ. ಶಾಫ್ಟನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗ್ ಇದ್ದರೆ ಅದರ ರಬ್ಬರ್ ಹರಿದಿದೆಯಾ ನೋಡಿ.

ಒಂದು ಮಾತು ಮರೆಯಬೇಡಿ. ಶಾಫ್ಟ್ ಬಿಚ್ಚುವ ಮುಂಚೆ ಎರಡೂ ಕಡೆ ಪೇಂಟಿನಿಂದ ಗುರುತು ಹಾಕಿಸಿ. ಜೋಡಿಸುವಾಗ ಆ ಗುರುತು ತಪ್ಪಿದರೆ ಹೊಸ ಕ್ರಾಸ್ ಹಾಕಿದರೂ ನಡುಕ ಉಳಿಯಬಹುದು. ಮೆಕ್ಯಾನಿಕ್ ಬೇಡ ಅಂದರೂ ಪಟ್ಟು ಹಿಡಿಯಿರಿ.

ಅಲ್ಲಿಯವರೆಗೆ 60ರೊಳಗೇ ಓಡಿಸಿ, ಲೋಡ್ ಹಾಕಬೇಡಿ. ವೀಲ್ ನಟ್‌ಗಳನ್ನು ಇವತ್ತೇ ಬಿಗಿ ಮಾಡಿಸಿ.